ಆರು ವೋಲ್ಟಿನ ಹುಳಿ

ಅಳತೆಯ ಮಾತು ಬಂದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಣ್ಣಗೆ ನಡುಕ ಸುರುವಾಗುತ್ತದೆ. ಹಾಲಿನ ಅಳತೆ, ಅಕ್ಕಿಯ ಅಳತೆ, ರವಿಕೆಯ ಅಳತೆ ಇವೆಲ್ಲ ಪರವಾಗಿಲ್ಲ. ಕಣ್ಣಿಗೆ ಕಾಣುವ ಪದಾರ್ಥಗಳು. ತಪ್ಪಿದರೆ ಒಂದು ಹಿಡಿ ಹೆಚ್ಚು ಹಾಕಬಹುದು, ಒಂದು ಹೊಲಿಗೆ ಬಿಚ್ಚಬಹುದು. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ, ಮುಟ್ಟಿದರೆ ಒದೆಯುವ ವಸ್ತುವನ್ನು ಅಳೆಯಲು ಹೊರಟ ಮಹಾನುಭಾವರನ್ನು ನೆನೆದರೆ ನನಗೆ ಭಕ್ತಿಯೂ ಬರುತ್ತದೆ, ಸಿಟ್ಟೂ ಬರುತ್ತದೆ. ಕಳೆದ ತಿಂಗಳು ಪಿಯುಸಿ ಓದುವ ನನ್ನ ಮೊಮ್ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ‘ಎಲೆಕ್ಟ್ರಾನ್ ವೋಲ್ಟ್, ಎಲೆಕ್ಟ್ರಾನ್ ವೋಲ್ಟ್’ ಎಂದು ಜಪ ಮಾಡುತ್ತಿದ್ದಳು. ಬೀನ್ಸಿನ ನಾರು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. “ಅದು ಎಂತದ್ದು ಮಗಾ, ವೋಲ್ಟಿನ ತಂಗಿಯಾ?” ಎಂದು ಕೇಳಿದೆ. “ಅಲ್ಲ ಅಜ್ಜಿ. ವೋಲ್ಟ್ ಅಂದ್ರೆ ಪೊಟೆನ್ಶಿಯಲ್. ಎಲೆಕ್ಟ್ರಾನ್ ವೋಲ್ಟ್ ಅಂದ್ರೆ ಎನರ್ಜಿ. ಹೆಸರಲ್ಲಿ ವೋಲ್ಟ್ ಇದೆ, ಅಳೆಯೋದು ಎನರ್ಜಿ. ನೀವು ಕನ್‌ಫ್ಯೂಸ್ ಮಾಡ್ಕೊಬೇಡಿ” ಎಂದಳು. ಕನ್‌ಫ್ಯೂಸ್ ಮಾಡಿಕೊಳ್ಳಬಾರದಂತೆ! ಆ ಕೆಲಸವನ್ನು ನಾನು ಇವಳ ಅಪ್ಪ ಹುಟ್ಟುವ ಮೊದಲೇ, ಒಂದಿಡೀ ಮನೆಯನ್ನೂ ಅರ್ಧ ಬಸ್ಸು ಜನರನ್ನೂ ಸೇರಿಸಿಕೊಂಡು ಮಾಡಿ ಮುಗಿಸಿದ್ದೇನೆ.

ಆಗ ಯುದ್ಧದ ಕಾಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಕಿರಿಮಂಜೇಶ್ವರದಲ್ಲಿ ರಸ್ತೆಗೆ ತಾಗಿಕೊಂಡಿದ್ದ ಮನೆಗೆ ಸೊಸೆಯಾಗಿ ಬಂದಿದ್ದೆ. ಯಜಮಾನರಿಗೆ ಬೊಂಬಾಯಿಯಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ಮಾವ ಮತ್ತು ನಾನು. ಊರಿಗೆ ಕರೆಂಟು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಅಂಥ ಮನೆಗೆ ಯಜಮಾನರು ಒಂದು ರಜೆಯಲ್ಲಿ ಬೊಂಬಾಯಿಯಿಂದ ರೇಡಿಯೋ ತಂದರು. ಪಾಲಿಶ್ ಮಾಡಿದ ಮರದ ಪೆಟ್ಟಿಗೆ, ಅದರ ಹಿಂದೆ ಮೋಟಾರುಗಾಡಿಗೆ ಹಾಕುವ ಆ್ಯಸಿಡ್ ಬ್ಯಾಟರಿ, ತೆಂಗಿನಮರಕ್ಕೆ ಕಟ್ಟಿದ ಏರಿಯಲ್ ತಂತಿ. ಹಚ್ಚಿದರೆ ಮೊದಲು ‘ಗುಂಯ್’ ಎಂದು ದುಂಬಿಯ ಹಾಗೆ ಸದ್ದು ಮಾಡಿ, ಆಮೇಲೆ ತನಗೆ ಮನಸ್ಸು ಬಂದಾಗ ಮಾತಾಡುತ್ತಿತ್ತು. ಬ್ಯಾಟರಿಯ ಕಸುವು ಮುಗಿದರೆ ಮಾವ ಅದನ್ನು ಬಸ್ಸಿನಲ್ಲಿಟ್ಟು, ಕಡವಿನಲ್ಲಿ ದೋಣಿ ದಾಟಿಸಿ, ಕುಂದಾಪುರದ ಅಕ್ಕಿ ಮಿಲ್ಲಿಗೆ ಕೊಂಡುಹೋಗಿ ಅಲ್ಲಿನ ಇಂಜಿನ್ನಿನಿಂದ ಚಾರ್ಜು ಮಾಡಿಸಿಕೊಂಡು ಬರಬೇಕು. ಹೋಗಿ ಬರುವ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದುದರಿಂದ ಮಾವನ ಒಂದೊಂದು ಪಂಚೆಗೂ ಆ್ಯಸಿಡ್ಡಿನ ತೂತುಗಳಿದ್ದವು. ಅವುಗಳನ್ನು ಹೊಲಿಯುವ ಕೆಲಸವೂ ಕಾನ್ವೆಂಟಿನಲ್ಲಿ ಎಂಬ್ರಾಯಿಡರಿ ಕಲಿತ ನನ್ನದೇ.

ಯಜಮಾನರು ಬೊಂಬಾಯಿಗೆ ಹೋದ ಮರುದಿನ ಮಾವ ಬ್ಯಾಟರಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ನನ್ನನ್ನು ಕರೆದರು. “ಹೆಣೆ, ಇಲ್ಲ್ ಕಾಣ್. ಇದ್ರ ಮೇಲೆ ಆರ್ ಅಂದೇಳಿ ಬರ್ದಿತ್ತ್. ಆರ್ ಎಂತದ್?” ನಾನು ಬಗ್ಗಿ ನೋಡಿದೆ. ಸಿಕ್ಸ್ ವೋಲ್ಟ್ಸ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಈಗ ನಮ್ಮ ಕಾನ್ವೆಂಟಿನ ಸೈನ್ಸ್ ಸಿಸ್ಟರ್ ವಿಷಯ ಸ್ವಲ್ಪ ಹೇಳಬೇಕು. ಪರದೇಶದವರು, ಕೆಂಪು ಮೂಗು, ಒಳ್ಳೆಯ ಮನಸ್ಸು. ಎಲೆಕ್ಟ್ರಿಸಿಟಿಯ ಪಾಠ ಬಂದಾಗ ಒಂದು ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟು, “ಪೊಟೆನ್ಶಿಯಲ್ ಈಸ್ ಲೈಕ್ ಕ್ಯಾರೆಕ್ಟರ್, ಗರ್ಲ್ಸ್. ಉಪಯೋಗಿಸದಿದ್ದರೂ ಅದು ಇರುತ್ತದೆ” ಎಂದಿದ್ದರು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಬಾರಿಸಿತು. ಮರುದಿನ ಅವರಿಗೆ ನೆಗಡಿ, ಅದರ ಮರುವಾರ ಪರೀಕ್ಷೆ. ಹೀಗಾಗಿ ನನ್ನ ವಿದ್ಯುತ್ ಜ್ಞಾನ ಕ್ಯಾರೆಕ್ಟರಿನ ಹತ್ತಿರವೇ ನಿಂತುಹೋಗಿತ್ತು. ಆದರೆ ಇದನ್ನು ಮಾವನಿಗೆ ಹೇಳುವುದು ಹೇಗೆ? ಅತ್ತೆ ಬಾಗಿಲ ಸಂದಿಯಲ್ಲಿ ನಿಂತಿದ್ದರು. ‘ಅಷ್ಟು ಓದಿದವಳು’ ಎನ್ನುವ ಮಾತು ಆ ಮನೆಯಲ್ಲಿ ಹೊಗಳಿಕೆಯಾಗಿಯೂ ಬಳಕೆಯಾಗುತ್ತಿತ್ತು, ಸಾರಿಗೆ ಉಪ್ಪು ಜಾಸ್ತಿಯಾದ ದಿನ ಬೇರೆ ರೀತಿಯಲ್ಲಿಯೂ ಬಳಕೆಯಾಗುತ್ತಿತ್ತು. “ಆರು ಗಂಟೆ ಹೊತ್ತು ಬರ್ತದೆ ಅಂತ ಮಾವ” ಎಂದುಬಿಟ್ಟೆ.

ಮಾವನಿಗೆ ಬಹಳ ಸಮಾಧಾನವಾಯಿತು. ಅವರು ಲೆಕ್ಕದ ಮನುಷ್ಯ. ಅಂದೇ ರೇಡಿಯೋದ ಪಕ್ಕ ಒಂದು ಹಿತ್ತಾಳೆ ಬಟ್ಟಲು ಇಟ್ಟು ಅದರಲ್ಲಿ ಹನ್ನೆರಡು ಅಡಿಕೆ ಹಾಕಿದರು. ಅರ್ಧ ಗಂಟೆ ರೇಡಿಯೋ ಕೇಳಿದರೆ ಒಂದು ಅಡಿಕೆ ಕತ್ತರಿಸಿ ಎಲೆಗೆ ಹಾಕುವುದು. ಬಟ್ಟಲು ಬರಿದಾದರೆ ಬ್ಯಾಟರಿ ಕುಂದಾಪುರಕ್ಕೆ. ನಿಜಕ್ಕೂ ಆ ಬ್ಯಾಟರಿ ಎಷ್ಟು ಹೊತ್ತು ಬರುತ್ತಿತ್ತೋ ದೇವರಿಗೇ ಗೊತ್ತು. ಬಟ್ಟಲು ಬರಿದಾದ ಮೇಲೆ ಮಾವ ಅದನ್ನು ಒಂದು ನಿಮಿಷವೂ ದುಡಿಸುತ್ತಿರಲಿಲ್ಲವಾದ್ದರಿಂದ ನನ್ನ ಮಾತು ಸುಳ್ಳೆಂದು ಸಾಬೀತಾಗುವ ಸಂದರ್ಭವೇ ಬರಲಿಲ್ಲ. ಹೀಗೆ ನಮ್ಮ ಮನೆಯಲ್ಲಿ ಎನರ್ಜಿಯ ಯೂನಿಟ್ ಅಡಿಕೆ ಎಂದಾಯಿತು. “ಸುದ್ದಿ ಕೇಂಬುಕೆ ಅರ್ಧ ಅಡ್ಕಿ ಸಾಕ್. ಪದ್ಯ ಬೇಕಾರೆ ಒಂದ್ ಅಡ್ಕಿ” ಎಂದು ಮಾವ ನೆರೆಯವರಿಗೆ ಹೇಳುತ್ತಿದ್ದರು.

ಅತ್ತೆಗೆ ಅಡಿಕೆಯ ಮೇಲೆ ನಂಬಿಕೆ ಇರಲಿಲ್ಲ. ಮಿಲ್ಲಿನವರ ಮೇಲಂತೂ ಇರಲೇ ಇಲ್ಲ. “ಅಕ್ಕಿಗೆ ನುಚ್ಚ್ ಬೆರ್ಸುವವ್ರ್, ಬ್ಯಾಟ್ರಿಗೆ ಎಂತ ಬೆರ್ಸಿದ್ರೋ! ರುಚಿ ಕಾಣ್ಕಲೆ” ಎಂದರು. ಉಪ್ಪಿನಕಾಯಿಯ ಭರಣಿ, ಪಾಯಸದ ಬೆಲ್ಲ, ಅಂಗಡಿಯ ಜೀರಿಗೆ ಎಲ್ಲವನ್ನೂ ನಾಲಿಗೆಯ ತುದಿಯಲ್ಲಿ ತೀರ್ಮಾನಿಸುವವರು ಅವರು. ಬ್ಯಾಟರಿಯ ಎರಡು ತಂತಿಗಳನ್ನು ಹುಣಸೆಹಣ್ಣು ಹಚ್ಚಿ ತೊಳೆದು, ತುದಿಗಳನ್ನು ಹತ್ತಿರ ಹಿಡಿದು ನಾಲಿಗೆಗೆ ಮುಟ್ಟಿಸಿಯೇ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಯಜಮಾನರಿಗೆ ಟೆಲಿಗ್ರಾಂ ಕೊಡುವಾಗ ಏನೆಂದು ಬರೆಯುವುದು ಎಂಬುದೇ ಆ ಕ್ಷಣದ ನನ್ನ ಚಿಂತೆ. ಕಣ್ಣು ಬಿಟ್ಟಾಗ ಅತ್ತೆ ಬಾಯಿ ಚಪ್ಪರಿಸುತ್ತಿದ್ದರು. “ಅಡ್ಡಿಲ್ಲೆ. ಎಳೇ ಅಂಬಟೆಕಾಯಿಯಷ್ಟ್ ಹುಳಿ ಇತ್ತ್” ಎಂದರು. ಅಷ್ಟು ಮಡಿಯವರು ಯಾರುಯಾರೋ ಮುಟ್ಟಿದ ಬ್ಯಾಟರಿಯನ್ನು ಬಾಯಿಗೆ ಇಟ್ಟುಕೊಳ್ಳುವುದೇ ಎಂದು ಮಾವ ಕೆಣಕಿದರೆ, “ತಾಮ್ರಕ್ಕೆ ಎಂತ ಮೈಲ್ಗಿ ಹ್ವಾಯ್?” ಎಂದು ಬಾಯಿ ಮುಚ್ಚಿಸಿದರು. ಅಂದಿನಿಂದ ಚಾರ್ಜು ಮಾಡಿಸಿ ತಂದಾಗಲೆಲ್ಲ ಈ ಪರೀಕ್ಷೆ. ಅಂಬಟೆಕಾಯಿ ಎಂದರೆ ಪಾಸು, ಬರೀ ಮಜ್ಜಿಗೆ ಎಂದರೆ ಫೇಲು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನನಗೆ ಲೀಲಾ ಎಂಬ ತಂಗಿ. ಅಪ್ಪನಿಗೆ ಮದರಾಸಿನಲ್ಲಿ ಕೆಲಸವಾದ್ದರಿಂದ ಅವಳೂ ಅಲ್ಲಿ. ಎರಡು ಕಡೆಯಿಂದ ಸಂಬಂಧ ಬಂದು, ‘ಇಂಗ್ಲಿಷ್ ಓದಿದ ಹುಡುಗಿ, ಪೇಟೆಯವಳು, ನಮ್ಮಂಥ ಮನೆಗೆ ಒಗ್ಗುವುದಿಲ್ಲ’ ಎಂದು ತಪ್ಪಿಹೋಗಿತ್ತು. ಅಮ್ಮ ಊಟ ಬಿಟ್ಟಿದ್ದರು. ಮೂರನೆಯದಾಗಿ ನಾನೇ ಮುಂದೆ ಬಿದ್ದು ಬ್ರಹ್ಮಾವರದ ಒಂದು ಮನೆಗೆ ಮಾತು ಕಳಿಸಿದೆ. ಹುಡುಗ ಮೇಷ್ಟ್ರು, ಸಾಧು. ಫೋಟೋ ನೋಡಿ ಒಪ್ಪಿದ್ದ. ಜಾತಕವೂ ಕೂಡಿತ್ತು. ಒಪ್ಪಬೇಕಾದವರು ಹುಡುಗನ ಅಜ್ಜಯ್ಯ ಮಾತ್ರ. ಆ ಮನೆಗೆ ಹಿಂದೆ ಬಂದ ಸೊಸೆಯೊಬ್ಬಳನ್ನು ಹೆಣ್ಣು ನೋಡುವ ದಿನ ಎಲ್ಲರೂ ಚೆನ್ನಾಗಿ ನೋಡಿದ್ದರಂತೆ. ತಲೆ ತಗ್ಗಿಸಿ ಕುಳಿತಿದ್ದಳಂತೆ, ತುಟಿ ಬಿಚ್ಚಿರಲಿಲ್ಲವಂತೆ. ಮದುವೆಯಾಗಿ ಬಂದು ಮೊದಲ ಸಲ ಬಾಯಿ ಬಿಟ್ಟಾಗ ಹಟ್ಟಿಯ ದನ ಹಗ್ಗ ಹರಿದುಕೊಂಡು ಓಡಿತಂತೆ. ಅಂದಿನಿಂದ ಅಜ್ಜಯ್ಯನದು ಒಂದೇ ಪಟ್ಟು: ಹೆಣ್ಣನ್ನು ನೋಡಿದರೆ ಸಾಕಾಗುವುದಿಲ್ಲ, ಸ್ವರ ಕೇಳಬೇಕು. ಫೋಟೋ ತೋರಿಸಿದರೆ, “ಪಟ ಮಾತಾಡತ್ತಾ?” ಎಂದು ಕೇಳಿದ್ದರು. ರೈಲುಗಳಲ್ಲಿ ಸಿಪಾಯಿಗಳೇ ತುಂಬಿದ್ದ ಆ ಕಾಲದಲ್ಲಿ ಮದರಾಸಿನಿಂದ ಹುಡುಗಿಯನ್ನು ತರುವುದು ಹೇಗೆ, ಆ ಮುದುಕರನ್ನು ಅಲ್ಲಿಗೆ ಒಯ್ಯುವುದು ಹೇಗೆ? ಅಷ್ಟರಲ್ಲಿ ಅಪ್ಪ ಸುದ್ದಿ ಕಳಿಸಿದರು: ಲೀಲಾ ಮದರಾಸು ರೇಡಿಯೋದಲ್ಲಿ ಒಂದು ಸಂಜೆ ಕಾಲು ಗಂಟೆ ದೇವರನಾಮ ಹಾಡುತ್ತಾಳೆ! ನಾನು ಕುಣಿದಾಡಿದೆ. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವುದು ಎನ್ನುತ್ತಾರಲ್ಲ, ಇಲ್ಲಿ ಅಕ್ಷರಶಃ ಕೇಳಲಿಕ್ಕೇ ಅಜ್ಜಯ್ಯ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಯಿತು.

ಕುಣಿದದ್ದು ಒಂದೇ ದಿನ. ಆಮೇಲೆ ಸುರುವಾಯಿತು ನೋಡಿ ನನ್ನ ನಡುಕ. ಲೀಲಾಳ ಮದುವೆ ಎಂಬುದು ಈಗ ಒಂದು ಸೀಸದ ಪೆಟ್ಟಿಗೆಯ ಹೊಟ್ಟೆಯಲ್ಲಿ ಕುಳಿತಿತ್ತು. ಮಳೆ ಗುಡುಗಿದರೆ? ಏರಿಯಲ್ ತಂತಿಯ ಮೇಲೆ ಕಾಗೆ ಕುಳಿತರೆ? ಮಾವ ಬ್ಯಾಟರಿಯನ್ನು ಕುಂದಾಪುರಕ್ಕೆ ಒಯ್ದು ಹಿಂದಿನ ದಿನವೇ ತಂದರು. ಎಣ್ಣೆಯ ಅಭಾವದಿಂದ ಮಿಲ್ಲಿನ ಇಂಜಿನ್ನು ಅರ್ಧ ದಿನಕ್ಕೇ ನಿಂತಿತಂತೆ. ಆದರೆ ಅಲ್ಲಿಯವರು ಮೀಟರು ಇಟ್ಟು, ಮುಳ್ಳು ಸರಿಯಾಗಿ ಆರರ ಮೇಲೆ ನಿಂತದ್ದನ್ನು ಮಾವನಿಗೆ ತೋರಿಸಿದ್ದರು. ಅತ್ತೆ ನಾಲಿಗೆಗೆ ಮುಟ್ಟಿಸಿ ಅಂಬಟೆಕಾಯಿ ಎಂದರು. ಬ್ಯಾಟರಿಯ ಮೈಮೇಲೂ ಆರು ಎಂದೇ ಇತ್ತು. ಮೀಟರು, ನಾಲಿಗೆ, ಕಾನ್ವೆಂಟು ಮೂರೂ ಒಂದೇ ಮಾತು ಹೇಳಿದ ಮೇಲೆ ಸಂಶಯಪಡುವವರು ಯಾರು? ಮೂರೂ ಅಳೆದದ್ದು ತೆಂಗಿನಮರದ ಎತ್ತರವನ್ನು, ಮರದಲ್ಲಿ ಕಾಯಿ ಎಷ್ಟಿದೆ ಎಂದು ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ಆಮೇಲೆ.

ಅಜ್ಜಯ್ಯ ಮಧ್ಯಾಹ್ನದ ಊಟಕ್ಕೇ ಬಂದರು. ಉದ್ದನೆಯ ಮನುಷ್ಯ, ಬಿಳಿ ಹುಬ್ಬು, ಒಂದು ಕಿವಿ ಸ್ವಲ್ಪ ಮಂದ. ಬಂದವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ತಂಗಿ ಮದರಾಸಿನಲ್ಲಿದ್ದರೂ ಅವಳ ಮಾದರಿಯಾಗಿ ನಾನು ಇದ್ದೆನಲ್ಲ. ಅಂದು ನಾನು ಬಡಿಸಿದ ಹುಳಿ, ನಾನು ನಡೆದ ನಡಿಗೆ ಎಲ್ಲವೂ ಲೀಲಾಳ ಖಾತೆಗೇ. ಊಟವಾಗಿ ಚಾವಡಿಯಲ್ಲಿ ಕುಳಿತವರೇ, “ಎಲ್ಲಿ, ನಿಮ್ ಪೆಟ್ಗಿ ಮಾತಾಡ್ಸಿ ಕಾಂಬ ಹೊಳ್ಳ್ರೆ” ಎಂದು ಮಾವನ ಕಡೆ ತಿರುಗಿದರು. ಮಾವನಿಗೆ ಅಷ್ಟೇ ಬೇಕಿತ್ತು. ರೇಡಿಯೋದ ಇಂಗ್ಲಿಷ್ ಅಂಕಿಗಳನ್ನು ಓದಿ ತಿರುಗಿಸಲು ನನ್ನನ್ನೇ ಕರೆದರು. ನಾನು ಅಡುಗೆಮನೆಯ ಕಡೆಗೆ ನೋಡಿ, “ಸಂಜೆಗೆ ಬೇಕಲ್ಲ ಮಾವ, ಈಗಲೇ ಹಚ್ಚಿದರೆ...” ಎಂದೆ. “ಆರ್ ಗಂಟಿ ಇತ್ತ್ ಅಂದೇಳಿ ನೀನೇ ಹೇಳಿದ್ದಲ್ದಾ? ಹೆದ್ರುದೆಂತಕೆ?” ಎಂದರು. ನನ್ನ ಮಾತಿಗೆ ನಾನೇ ಅಡ್ಡ ಬರುವುದು ಹೇಗೆ! ಹಚ್ಚಿದೆ. ಡೆಲ್ಲಿ ಬಂತು. ಕೊಲಂಬೋ ಬಂತು. ಯಾವುದೋ ದೇಶದ ಯಾರೋ ಒಬ್ಬ ಸಿಟ್ಟಿನಲ್ಲಿ ಬೈಯುತ್ತಿದ್ದ. ಅವನ ಭಾಷೆ ತಿಳಿಯದಿದ್ದರೂ ಅಜ್ಜಯ್ಯ ಅವನನ್ನು ಪೂರ್ತಿ ಕೇಳಿದರು. “ಸ್ವರ ಕಾಣಿ, ಯಕ್ಷಗಾನದ ರಾಕ್ಷಸನ ಹಾಂಗಿತ್ತ್!” ಎಂದು ಮೆಚ್ಚಿದರು.

ಇದರ ಮೇಲೆ ಇನ್ನೊಂದು ಕಂಟಕ. ಅಜ್ಜಯ್ಯ ಕುಳಿತದ್ದು ಸರಿಯಾಗಿ ಅಡಿಕೆ ಬಟ್ಟಲಿನ ಪಕ್ಕ. ಎಲೆ ಅಡಿಕೆಯ ಚಟ ಇದ್ದವರು, ಮಾತಿನ ನಡುವೆ ಕೈ ಹಾಕಿ ಒಂದೊಂದೇ ಅಡಿಕೆ ತೆಗೆದು ಕತ್ತರಿಸುತ್ತಾ ಹೋದರು. ಬಟ್ಟಲು ತಳ ಕಾಣುತ್ತಿದ್ದಂತೆ ಮಾವನ ಮುಖ ಸಣ್ಣಗಾಯಿತು. ನೆಂಟರ ಮುಂದೆ ಬಟ್ಟಲು ಬರಿದಾಗಬಾರದು. ಇದು ನಮ್ಮ ಕಡೆಯ ಮರ್ಯಾದೆ. ಒಳಗೆ ಹೋಗಿ ಒಂದು ಹಿಡಿ ಅಡಿಕೆ ತಂದು ಬಟ್ಟಲಿಗೆ ಸುರಿದರು. ಸುರಿದ ಮೇಲೆ ಅದನ್ನು ನೋಡಿ ಅವರಿಗೇ ಒಂದು ರೀತಿಯ ಧೈರ್ಯ ಬಂತು. ತುಂಬಿದ ಬಟ್ಟಲು ಕಂಡರೆ ಬ್ಯಾಟರಿ ತುಂಬಿದ ಹಾಗೆ ಕಾಣುವಷ್ಟು ಆ ಲೆಕ್ಕ ಅಭ್ಯಾಸವಾಗಿಬಿಟ್ಟಿತ್ತು. ಗೋಡೆ ಗಡಿಯಾರ ನೋಡಿ ಸುಮ್ಮನೆ ಹಲ್ಲು ಕಚ್ಚಿಕೊಂಡವಳು ನಾನೊಬ್ಬಳೇ.

ಬಿಸಿಲು ಇಳಿಯುವ ಹೊತ್ತಿಗೆ ರೇಡಿಯೋದ ಸ್ವರ ಇಳಿಯಿತು. ದುಂಬಿಯ ಸದ್ದು ಸೊಳ್ಳೆಯ ಸದ್ದಾಯಿತು. ನಾನು ಯಾರನ್ನೂ ಕೇಳದೆ ಗುಂಡಿ ತಿರುಗಿಸಿ ಆರಿಸಿಬಿಟ್ಟೆ. “ಸ್ವಲ್ಪ ರೆಸ್ಟ್ ಕೊಡುವ ಮಾವ” ಎಂದೆ. ಮಾವ ಬಟ್ಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅತ್ತೆ ಬಂದು, ಅಜ್ಜಯ್ಯನಿಗೆ ಬೆನ್ನು ಮಾಡಿ ಕುಳಿತು, ತಂತಿ ನೆಕ್ಕಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಪರೀಕ್ಷೆಯ ರಿಸಲ್ಟಿಗೂ ನಾನು ಅಷ್ಟು ಕಾತರದಿಂದ ಕಾದವಳಲ್ಲ. “ಹುಳಿ ಇತ್ತ್ ಹೆಣೆ. ಎಂತ ಹೆದ್ರಬೇಡ” ಎಂದು ಪಿಸುಗುಟ್ಟಿದರು. ಹೊತ್ತಾಗುವವರೆಗೆ ನಾನು ಚಾವಡಿಗೂ ಅಡುಗೆಮನೆಗೂ ನಡೆದೆ, ಕಾನ್ವೆಂಟಿನ ಮೇರಿಮಾತೆಗೂ ಕಿರಿಮಂಜೇಶ್ವರದ ದೇವರಿಗೂ ಒಟ್ಟಿಗೇ ಹರಕೆ ಹೇಳಿಕೊಂಡೆ. ಹೊತ್ತಾಯಿತು. ಹಚ್ಚಿದೆ. ಗುಂಯ್ ಎಂದಿತು. ಯಾರೋ ತಮಿಳಿನಲ್ಲಿ ಏನೋ ಹೇಳಿದರು. ಅದರಲ್ಲಿ ‘ಕುಮಾರಿ ಲೀಲಾ’ ಎಂಬುದೊಂದು ತಿಳಿಯಿತು. ಅಜ್ಜಯ್ಯ ಒಳ್ಳೆಯ ಕಿವಿಯನ್ನು ಪೆಟ್ಟಿಗೆಯ ಕಡೆಗೆ ತಿರುಗಿಸಿದರು. ಶ್ರುತಿ ಹಿಡಿದದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಮಾವ ಪೆಟ್ಟಿಗೆಯನ್ನು ತಟ್ಟಿದರು. ಅತ್ತೆ, “ಹುಳಿ ಇತ್ತಲೆ! ಈಗಳ್ ಕಂಡದ್ದಲೆ!” ಎಂದು ತಮ್ಮ ನಾಲಿಗೆಯನ್ನೇ ನಂಬದವರ ಹಾಗೆ ಬಾಯಿ ಮುಟ್ಟಿಕೊಂಡರು. ಅಜ್ಜಯ್ಯ, “ಹುಡ್ಗಿ ಹಾಡಿ ಆಯ್ತಾ?” ಎಂದು ಕೇಳಿದರು. ಆಯಿತು ಎನ್ನಲೇ, ಇಲ್ಲ ಎನ್ನಲೇ? ಅಷ್ಟು ದೂರದ ಮದರಾಸಿನಲ್ಲಿ ನನ್ನ ತಂಗಿ ತನ್ನ ಬಾಳಿಗಾಗಿ ಹಾಡುತ್ತಿದ್ದಾಳೆ, ಇಲ್ಲಿ ನಾವು ಸತ್ತ ಪೆಟ್ಟಿಗೆಯ ಮುಂದೆ ಕುಳಿತಿದ್ದೇವೆ. ಕಾಲು ಗಂಟೆ ಎಂದರೆ ಎಷ್ಟು? ಅರ್ಧ ಅಡಿಕೆ. ನನ್ನ ಕಣ್ಣಲ್ಲಿ ನೀರು ಬಂತು.

ಆಗ ಗೇಟಿನ ಹತ್ತಿರ ಬೈಂದೂರಿನ ಬಸ್ಸು ಬಂದು ನಿಂತಿತು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ದೊಡ್ಡ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ನಮ್ಮ ಮನೆಯ ಮುಂದಿನ ಏರು ಹತ್ತುವ ಮೊದಲು ಅದಕ್ಕೆ ವಿಶ್ರಾಂತಿ ಬೇಕು. ಡ್ರೈವರ್ ಶೀನಣ್ಣ ದಿನಾ ನಮ್ಮ ಬಾವಿಯಿಂದ ನೀರು ಒಯ್ಯುತ್ತಿದ್ದ. ಅಂದೂ ಡಬ್ಬಿ ಹಿಡಿದು ಬಂದವನು ಚಾವಡಿಯ ಮುಖಗಳನ್ನು ನೋಡಿ, “ಹ್ವಾಯ್ ಹೊಳ್ಳ್ರೆ, ಎಂತ ಆಯ್ತ್? ಯಾರಾರ್ ಹೋದ್ರಾ?” ಎಂದ. ಮಾವ ಸಂಗತಿ ಹೇಳಿದರು. ಶೀನಣ್ಣ ಎದೆ ತಟ್ಟಿಕೊಂಡ. “ಬ್ಯಾಟ್ರಿ ಅಲ್ದಾ? ನಮ್ ಬಸ್ಸಿನ್ದ್ ಬಿಚ್ಚಿ ಕೊಡ್ತೆ. ಹನ್ನೆರಡ್ ವೋಲ್ಟ್ ಇತ್ತ್! ನಿಮ್ದಕ್ಕಿಂತ ಡಬ್ಬಲ್!” ಎಂದವನೇ ಓಡಿದ. ರಸ್ತೆಯಲ್ಲಿ ಯಾರೋ, “ಶೀನಣ್ಣ, ನಂಗ್ ಬೈಂದೂರಿಗ್ ಹೋಯ್ಕ್ ಮಾರಾಯ!” ಎಂದು ಕೂಗಿದರೆ, “ಹೋಪ, ಹೋಪ. ಇಲ್ಲ್ ಹೆಣ್ಣ್ ಕೇಂಬ್ ಕಾರ್ಯ ಆತ್ತಾ ಇತ್ತ್, ನಿಂದೆಂತ ಅವಸ್ರ?” ಎಂದ. ಅಷ್ಟು ಕೇಳಿದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಇಳಿದು ಬ್ಯಾಟರಿಯ ಹಿಂದೆ ಮೆರವಣಿಗೆಯಲ್ಲಿ ನಮ್ಮ ಅಂಗಳಕ್ಕೇ ಬಂದುಬಿಟ್ಟರು.

ಮಾವನ ಮುಖ ಅರಳಿತು. “ಹನ್ನೆರಡಾ! ಹಾಂಗಾರ್ ಹನ್ನೆರಡ್ ಗಂಟಿ!” ಎಂದರು. ಶೀನಣ್ಣ, “ಗಂಟಿ ಅಲ್ಲ ಹೊಳ್ಳ್ರೆ, ಸ್ವರ. ಎರಡ್ ಪಾಲ್ ಜೋರ್ ಕೇಳತ್ತ್” ಎಂದ. ಅಜ್ಜಯ್ಯ, “ಒಳ್ಳೇದೇ ಆಯ್ತ್. ನಂಗೆ ಕಿವಿ ಒಂಚೂರ್ ಮಂದ” ಎಂದರು. ನೋಡಿ, ಒಂದು ವೋಲ್ಟಿಗೆ ಆ ಚಾವಡಿಯಲ್ಲಿ ಎಷ್ಟು ಅರ್ಥ! ನನಗೆ ಸರಿಯಾದ ಅರ್ಥ ಗೊತ್ತಿರಲಿಲ್ಲ. ಆದರೆ ಆರರ ಪೆಟ್ಟಿಗೆಗೆ ಹನ್ನೆರಡು ಕೊಟ್ಟರೆ ಏನೋ ಅನಾಹುತವಾಗುತ್ತದೆ ಎಂದು ಹೊಟ್ಟೆಯ ನಡುಕ ಹೇಳುತ್ತಿತ್ತು. ಶೀನಣ್ಣ ತಂತಿ ಹಿಡಿದು ಬಗ್ಗಿದ. ನಾನು ನನಗೇ ತಿಳಿಯದಂತೆ, “ನೋ! ಸ್ಟಾಪ್ ಇಟ್!” ಎಂದು ಕಿರುಚಿದೆ. ತುಳಸಿಕಟ್ಟೆಯ ಹತ್ತಿರ ಮೇಯುತ್ತಿದ್ದ ಕರು ಓಡಿತು. ಅಜ್ಜಯ್ಯನ ಬಿಳಿ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ಮುಗಿಯಿತು, ಹಟ್ಟಿಯ ದನ ಓಡಿಸಿದ ಸೊಸೆಯ ಜಾತಿಗೇ ನನ್ನನ್ನೂ, ನನ್ನ ಹಿಂದೆ ಲೀಲಾಳನ್ನೂ ಸೇರಿಸಿದರು ಎಂದುಕೊಂಡೆ.

“ತಡಿನಿ” ಎಂದರು ಅತ್ತೆ. “ಮೊದಲ್ ರುಚಿ ಕಾಂಬ.” ನಮ್ಮ ತಂತಿಗಳನ್ನೇ ಬಸ್ಸಿನ ಬ್ಯಾಟರಿಗೆ ಹಿಡಿಸಿ, ಇಡೀ ಬಸ್ಸಿನ ಜನರ ಎದುರಿಗೆ, ಬೆನ್ನು ಮಾಡುವ ನಾಚಿಕೆಯನ್ನೂ ಬಿಟ್ಟು, ನಾಲಿಗೆ ಚಾಚಿ ಮುಟ್ಟಿಸಿದರು. ಮುಟ್ಟಿಸಿದ್ದೇ ಹಿಂದಕ್ಕೆ ಹಾರಿದರು. “ಅಬ್ಬಬ್ಬ! ಇದ್ ಹುಳಿಯಲ್ಲ ಹೆಣೆ, ಕಚ್ಚುದ್! ನಮ್ ಪೆಟ್ಗಿ ಇದ್ನ ತಡ್ಕಂತಿಲ್ಲೆ!” ಎಂದು ನಾಲಿಗೆಯನ್ನು ಸೆರಗಿನಿಂದ ಒರೆಸಿಕೊಂಡರು. ನನಗೆ ಒಮ್ಮೆಗೇ ಸಿಸ್ಟರ್ ಮೇಜಿನ ಮೇಲಿಟ್ಟಿದ್ದ ಜಾಡಿ ಕಣ್ಣಿಗೆ ಬಂತು. ಒಂದು ಜಾಡಿಗೆ ಇಷ್ಟು, ಜಾಡಿಗೆ ಜಾಡಿ ಸೇರಿಸಿದರೆ ಅಷ್ಟಷ್ಟೇ ಏರುತ್ತದೆ ಎಂದು ಬೋರ್ಡಿನ ಮೇಲೆ ಬರೆದಿದ್ದರು. ಗಂಟೆ ಬಾರಿಸುವ ಮೊದಲೇ ಬರೆದಿದ್ದರು. ನಮ್ಮ ಬ್ಯಾಟರಿ ನೋಡಿದೆ: ಮೇಲೆ ಮೂರು ಮುಚ್ಚಳ. ಬಸ್ಸಿನದು ನೋಡಿದೆ: ಆರು ಮುಚ್ಚಳ. ಮುಚ್ಚಳದಿಂದ ಮುಚ್ಚಳಕ್ಕೆ ಸೀಸದ ಪಟ್ಟಿ. ಒಂದೊಂದು ಮುಚ್ಚಳದಡಿ ಒಂದೊಂದು ಜಾಡಿ, ಜಾಡಿಗೆ ಎರಡು ವೋಲ್ಟು! “ಶೀನಣ್ಣ, ಒಂದು ತಂತಿ ಈ ತುದಿಗೆ ಇರಲಿ. ಇನ್ನೊಂದನ್ನು ಮೂರನೇ ಮುಚ್ಚಳ ಕಳೆದ ಕೂಡಲೆ ಈ ಪಟ್ಟಿಗೆ ಹಿಡಿಯಿರಿ” ಎಂದೆ. “ಅರ್ಧ ಬ್ಯಾಟ್ರಿ ಬಳ್ಸುಕಾತ್ತಾ ಅಮ್ಮ?” ಎಂದ. “ಅರ್ಧ ತೆಂಗಿನಕಾಯಿ ಬಳಸುವುದಿಲ್ಲವಾ?” ಎಂದೆ. ಅತ್ತೆ ಮತ್ತೊಮ್ಮೆ ಮುಂದೆ ಬಂದರು. ಎಷ್ಟೊಂದು ಧೈರ್ಯ ನೋಡಿ. ಒಮ್ಮೆ ಕಚ್ಚಿಸಿಕೊಂಡ ನಾಲಿಗೆಯನ್ನೇ ಮತ್ತೆ ಚಾಚಿದರು. “ಹಾಂ” ಎಂದರು ಅತ್ತೆ, “ಇದ್ ನಮ್ದ್. ಅಂಬಟೆಕಾಯಿ.”

ದುಂಬಿ ಗುಂಯ್‌ಗುಟ್ಟಿತು. ಪೆಟ್ಟಿಗೆ ಬಿಸಿಯಾಗುವವರೆಗಿನ ಆ ಸ್ವಲ್ಪ ಹೊತ್ತು ಶೀನಣ್ಣ ಎರಡು ತಂತಿಗಳನ್ನೂ ಕೈಯಲ್ಲೇ ಒತ್ತಿ ಹಿಡಿದುಕೊಂಡು ಕೂತಿದ್ದ. ಆಮೇಲೆ ಎಲ್ಲಿಂದಲೋ, ನೀರಿನಡಿಯಿಂದ ಎದ್ದು ಬಂದ ಹಾಗೆ, ನನ್ನ ಲೀಲಾ. ಹಾಡಿನ ನಡುಭಾಗ ಆಗಲೇ ದಾಟಿತ್ತು. ಸ್ವರ ಸ್ಥಿರವಾಗಿತ್ತು, ಮೆತ್ತಗಿತ್ತು, ಅಮ್ಮ ದೀಪ ಹಚ್ಚುವಾಗ ಗುನುಗುವ ಹಾಗೆಯೇ ಇತ್ತು. ಅವಳನ್ನು ನೋಡಿ ಆಗ ಎರಡು ವರ್ಷ ಆಗಿತ್ತು. ಬೈಂದೂರಿಗೆ ಅವಸರವಿದ್ದವನೂ ಸೇರಿ ಯಾರೂ ಕೆಮ್ಮಲಿಲ್ಲ. ಹಾಡು ಮುಗಿಯಿತು, ತಮಿಳಿನಲ್ಲಿ ಮತ್ತೇನೋ ಹೇಳಿದರು, ಶೀನಣ್ಣ ಬೆರಳು ಕೊಡವಿಕೊಂಡು ಎದ್ದ. ಎಲ್ಲರೂ ಅಜ್ಜಯ್ಯನನ್ನು ನೋಡಿದರು. ಅವರು ಒಂದು ಅಡಿಕೆ ತೆಗೆದು ನಿಧಾನವಾಗಿ ಕತ್ತರಿಸಿದರು.

“ಅಡ್ಡಿಲ್ಲೆ” ಎಂದರು ಅಜ್ಜಯ್ಯ. “ಮನಿ ತುಂಬ ಕೇಳತ್ತ್, ಆಚಿ ಮನಿಗ್ ಕೇಳ್ತಿಲ್ಲೆ. ಸೊಸಿ ಸ್ವರ ಹಾಂಗೇ ಇರ್ಕ್.” ಎಲೆ ಬಾಯಿಗಿಟ್ಟು, ನನ್ನ ಕಡೆ ತಿರುಗಿ, “ಅಕ್ಕಂದೇ ಒಂಚೂರ್ ವೋಲ್ಟ್ ಜಾಸ್ತಿ” ಎಂದರು. ಅಂಗಳ ಗೊಳ್ಳೆಂದಿತು. ಅತ್ತೆ ಮಾತ್ರ ನಗದೆ, “ಅದ್ ನಮ್ಗೆ ಅಭ್ಯಾಸ ಆಯ್ತ್” ಎಂದರು.

ಲೀಲಾ ಬ್ರಹ್ಮಾವರಕ್ಕೆ ಸೊಸೆಯಾಗಿ ಬಂದಳು. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬಂದಾಗ, ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೇಳಿದಳು: “ಅಕ್ಕಾ, ಆ ದಿನ ಮೊದಲನೇ ಹಾಡು ಕೇಳಿ ಅಜ್ಜಯ್ಯ ಏನೂ ಹೇಳಲಿಲ್ವಾ?” ನಾನು ತಡವರಿಸಿ, “ಯಾಕೆ?” ಎಂದೆ. “ಅಯ್ಯೋ, ಹೆದರಿಕೆಯಲ್ಲಿ ಶ್ರುತಿ ಮೇಲೆ ಹಿಡಿದುಬಿಟ್ಟೆ ಅಕ್ಕಾ. ಮೇಲೆ ಹೋದಾಗ ಗಂಟಲು ಒಡೆದು ಕಿರುಚಿದ ಹಾಗಾಯ್ತು. ಪಿಟೀಲಿನವರು ನಿಲ್ಲಿಸಿಯೇಬಿಟ್ಟರು. ಪುನಃ ಸುರು ಮಾಡಿದ್ದು. ನಾನು ಮನೆಗೆ ಹೋಗಿ ಎರಡು ದಿನ ಅತ್ತಿದ್ದೇನೆ. ಈ ಸಂಬಂಧವೂ ಹೋಯ್ತು ಅಂತ.” ನಾನು ತುರಿಮಣೆಯ ಪಕ್ಕ ಹಾಗೆಯೇ ಕುಳಿತುಬಿಟ್ಟೆ. ಆ ಬ್ಯಾಟರಿಗೆ ನಿಜವಾಗಿ ಆರು ಗಂಟೆಯ ಕಸುವು ಇದ್ದಿದ್ದರೆ, ಇಲ್ಲವೇ ವೋಲ್ಟಿನ ಅರ್ಥ ನನಗೆ ಗೊತ್ತಿದ್ದು ಮಧ್ಯಾಹ್ನ ಮಾವನನ್ನು ತಡೆದಿದ್ದರೆ, ದನ ಓಡಿಸುವ ಸ್ವರಕ್ಕೆ ಅಷ್ಟು ಹೆದರಿದ್ದ ಆ ಮುದುಕರ ಒಳ್ಳೆಯ ಕಿವಿಗೆ ಬೀಳುತ್ತಿದ್ದದ್ದು ಆ ಕಿರುಚು! ತಂಗಿಯ ಮದುವೆ ಮಾಡಿಸಿದ್ದು ನನ್ನ ವಿದ್ಯೆ ಎಂದು ಅಷ್ಟು ದಿನ ಬೀಗುತ್ತಿದ್ದೆ. ಅರ್ಧ ಮಾತ್ರ ವಿದ್ಯೆ. ಇನ್ನರ್ಧ, ಅದಕ್ಕಿಂತ ಮೊದಲಿನ ಅರ್ಧ, ಶುದ್ಧ ಅಜ್ಞಾನ.

ಈಗ ಅತ್ತೆ ಇಲ್ಲ, ಮಾವ ಇಲ್ಲ. ಲೀಲಾ ಇದ್ದಾಳೆ, ಸಂಜೆ ಫೋನು ಮಾಡುತ್ತಾಳೆ, ಈಗಲೂ ಮಾತನ್ನು ಒಂದು ಶ್ರುತಿ ಮೇಲೆಯೇ ಸುರು ಮಾಡುತ್ತಾಳೆ. ಮೊಮ್ಮಗಳಿಗೆ ಈ ಕಥೆಯೆಲ್ಲ ಹೇಳಿದೆ, ಒಲೆಯ ಹತ್ತಿರವಿದ್ದ ಸೊಸೆಯ ಕಿವಿಗೂ ಬಿತ್ತು. ಮೊಮ್ಮಗಳು ನಕ್ಕು, “ಅಜ್ಜಿ, ಅಡಿಕೆಗೆ ಎಷ್ಟು ಎಲೆಕ್ಟ್ರಾನ್ ವೋಲ್ಟ್ ಅಂತ ಲೆಕ್ಕ ಹಾಕಲಾ?” ಎಂದು ಬರೆಯಲು ಕುಳಿತಳು. ಸೊನ್ನೆಗಳು ಪುಟದ ಅಂಚಿಗೆ ಹೋಗಿ ಮುಟ್ಟಿದವು. ಹೆಸರಿಗೆ ವೋಲ್ಟು, ಅಳೆಯುವುದು ಎನರ್ಜಿ ಎಂಬ ಯೂನಿಟನ್ನು ದೊಡ್ಡ ದೊಡ್ಡವರೇ ಮಾಡಿಟ್ಟಿರುವಾಗ, ಆ್ಯಫ್ಟರ್ ಆಲ್, ಒಬ್ಬಳು ಹೊಸ ಸೊಸೆ ಮಾಡಿದ್ದು ಯಾವ ಮಹಾ ತಪ್ಪು ಎಂದು ನನಗೆ ಬಹಳ ಹಗುರವಾಯಿತು.

ಹಗುರ ಹೆಚ್ಚು ದಿನ ಉಳಿಯಲಿಲ್ಲ. ಕಳೆದ ವಾರ ಎದೆಯಲ್ಲಿ ಏನೋ ಡವಡವ ಎಂದಿತೆಂದು ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎದೆಗೆ, ಕೈಗೆ, ಕಾಲಿಗೆ ತಂತಿ ಹಚ್ಚಿದರು. ಕಾಗದದ ಮೇಲೆ ಗೆರೆಗಳು ಬಂದವು. “ಇದು ಏನನ್ನು ಅಳೆಯುತ್ತದೆ ಡಾಕ್ಟ್ರೇ?” ಎಂದು ಕೇಳಿದೆ. “ನಿಮ್ಮ ಹೃದಯದ ವೋಲ್ಟೇಜ್ ಅಜ್ಜಿ. ಮಿಲಿವೋಲ್ಟ್ ಲೆಕ್ಕದಲ್ಲಿ. ಚೆನ್ನಾಗಿದೆ, ಹೆದರಬೇಡಿ” ಎಂದು ಆ ಹುಡುಗ ಡಾಕ್ಟರು ಬೆನ್ನು ತಟ್ಟಿದರು. ಅಲ್ಲೇ ಸುರುವಾಯಿತು ಹಳೆಯ ನಡುಕ. ವೋಲ್ಟು ಸರಿ ಇರುವುದು ನನಗೆ ಹೊಸದಲ್ಲವಲ್ಲ! ಬಟ್ಟಲಿನಲ್ಲಿ ಅಡಿಕೆ ಎಷ್ಟು ಉಳಿದಿದೆ ಎಂದು ಕೇಳೋಣವೆಂದು ಬಾಯಿಗೆ ಬಂದಿತ್ತು. ತಲೆಯ ಡಾಕ್ಟರ ಹತ್ತಿರ ಕಳಿಸಿಯಾರು ಎಂದು ಸುಮ್ಮನಾದೆ. ಮನೆಗೆ ಬಂದು ಅತ್ತೆಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತೆ. ಅವರಿದ್ದಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದರು. ಈಗ ಇರುವುದು ಸೊಸೆ. ಡಾಕ್ಟರು ಏನೆಂದರು ಎಂದು ಕೇಳಿದಳು. ಸೊಪ್ಪು ಸರಿಯಾಗಿ ತೊಳೆದಿಲ್ಲವೆಂದು ಅವಳಿಗೆ ಎರಡು ಮಾತು ಅಂದು, ಆಮೇಲೆ ಡಾಕ್ಟರ ಮಾತು ಹೇಳಿದೆ. “ಗೊತ್ತಾಯ್ತು ಅತ್ತೆ” ಎಂದಳು, “ಹುಳಿ ಏನೂ ಕಮ್ಮಿ ಆಗಿಲ್ಲ.”